ಸತ್ಯಾಂಶ: ಕಾರ್ಡ್‌ಲೆಸ್ ಫೋನ್ ಸಿಡಿಲನ್ನು ಸೆಳೆಯುತ್ತದೆಯೇ?

ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬಯಿಯಲ್ಲಿ ಸಂಜೆಯ ಗುಡುಗು ಶುರುವಾಗುತ್ತದೆ. ಮಾಟುಂಗಾ, ಡೊಂಬಿವಲಿಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಸಂದೇಶವೂ ಸುತ್ತುತ್ತದೆ: "ಕಾರ್ಡ್‌ಲೆಸ್ ಫೋನಿನ ಅಲೆಗಳು ಸಿಡಿಲನ್ನು ಸೆಳೆಯುತ್ತವೆ, ಹಳೆಯ ತಂತಿ ಫೋನೇ ಸುರಕ್ಷಿತ."

ಇದು ಪೂರ್ತಿ ತಲೆಕೆಳಗಾದ ಮಾತು. ರೇಡಿಯೊ ಅಲೆಗಳು ಸಿಡಿಲನ್ನು ಸೆಳೆಯುವುದಿಲ್ಲ. ಸಿಡಿಲಿನ ವಿದ್ಯುತ್ತು ಮನೆಯೊಳಗೆ ನುಗ್ಗುವುದು ದೂರವಾಣಿ ಮತ್ತು ಕರೆಂಟಿನ ತಂತಿಗಳ ಮೂಲಕ. ತಂತಿ ಫೋನಿನ ರಿಸೀವರ್ ಹಿಡಿದವರ ಕಿವಿಯವರೆಗೂ ಆ ದಾರಿ ತೆರೆದಿರುತ್ತದೆ. ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್‌ಗೆ ಆ ನಂಟಿಲ್ಲ. ಆದರೆ ಅದನ್ನು ಕೂರಿಸುವ ಬೇಸ್ ಎರಡೂ ತಂತಿಗಳಿಗೆ ಜೋಡಣೆಯಾಗಿರುತ್ತದೆ. ಗುಡುಗುವಾಗ ಅದನ್ನು ಮುಟ್ಟಬೇಡಿ. ಬೇಸ್ ಸುಟ್ಟುಹೋಗಬಾರದೆಂದರೆ ಮೋಡ ಕಟ್ಟುವಾಗಲೇ ಅಡಾಪ್ಟರನ್ನೂ ಫೋನಿನ ತಂತಿಯನ್ನೂ ಕಿತ್ತಿಡಿ. ಆಗ ಕರೆ ಹೋಗುವುದಿಲ್ಲ, ಕರೆಂಟು ಹೋದಾಗಲೂ ಅಷ್ಟೇ; ಒಬ್ಬರೇ ಇರುವ ಹಿರಿಯರ ಬಳಿ ಚಾರ್ಜ್ ಇರುವ ಮೊಬೈಲ್ ಇರಲೇಬೇಕು.

ನನಗೆ ಹೆಚ್ಚು ಆತಂಕವಾಗುವುದು ಬ್ಯಾಟರಿಯ ವಿಷಯದಲ್ಲಿ. ಹ್ಯಾಂಡ್‌ಸೆಟ್‌ನ ಹಿಂಬದಿ ಮುಚ್ಚಳ ಜಾರಿಸಿ ನೋಡಿ: ಹೆಚ್ಚಿನ ಮಾದರಿಗಳಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ 1.2 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಿರುತ್ತವೆ. ಅವು ಸೋತವೆಂದು ಗೋಡೆ ಗಡಿಯಾರದ ಸೆಲ್ ಹಾಕಿ ಬೇಸ್ ಮೇಲಿಟ್ಟರೆ, ಚಾರ್ಜ್ ಆಗುವ ಬದಲು ಬಿಸಿಯಾಗಿ ಸೋರಬಹುದು, ಒಡೆಯಲೂಬಹುದು. ಅಂಗಡಿಯಲ್ಲಿ ರಿಚಾರ್ಜೆಬಲ್ ಸೆಲ್ ಎಂದೇ ಕೇಳಿ ತನ್ನಿ.