ಬಾಗಿಲು ಹಾಕಿದ್ದು ಟಿಕೆಟ್ ಕೌಂಟರಿನಲ್ಲಿ

ಇಲ್ಲಿ ವ್ಯಾಂಕೂವರಿನಲ್ಲಿ, 1914ರಲ್ಲಿ ಭಾರತೀಯರನ್ನು ಹೊತ್ತು ಬಂದು ಇಳಿಯಲು ಬಿಡದೆ ವಾಪಸು ಕಳಿಸಲಾದ ಕೊಮಗಾಟ ಮಾರು ಹಡಗಿನ ಮಾತು ಬಂದರೆ ಬೈಗುಳವೆಲ್ಲ ಕೆನಡಾಕ್ಕೇ. ಬೈಯಲಿ, ತಪ್ಪಿಲ್ಲ. ಆದರೆ ಹೆಸರೆತ್ತದೆ ಭಾರತೀಯರನ್ನು ಹೊರಗಿಡುವ ಉಪಾಯ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಬ್ರಿಟಿಷ್ ವಸಾಹತು ನಟಾಲಿನಲ್ಲಿ. ಭಾರತೀಯರೂ ಬ್ರಿಟಿಷ್ ಪ್ರಜೆಗಳೇ ಆದ್ದರಿಂದ 'ಇವರಿಗೆ ಪ್ರವೇಶವಿಲ್ಲ' ಎಂದು ಕಾನೂನಿನಲ್ಲಿ ನೇರವಾಗಿ ಬರೆಯಲು ಲಂಡನ್ನಿಗೆ ಮುಜುಗರ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

1897ರಲ್ಲಿ ನಟಾಲ್ ಒಂದು ದಾರಿ ಹುಡುಕಿತು: ಬಂದವನು ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ ಅರ್ಜಿ ಬರೆದು ಸಹಿ ಹಾಕಬೇಕು. ಕನ್ನಡ, ಸಂಸ್ಕೃತ ಅರೆದು ಕುಡಿದವನೂ ಅಲ್ಲಿ ನಿರಕ್ಷರಿ. ಆದರೂ ಇಂಗ್ಲಿಷ್ ಬಲ್ಲವನು ನುಸುಳಬಹುದಿತ್ತು. 1901ರಲ್ಲಿ ಆಸ್ಟ್ರೇಲಿಯಾ ಆ ಸಂದಿಯನ್ನೂ ಮುಚ್ಚಿತು. 50 ಪದಗಳ ಉಕ್ತಲೇಖನ; ಭಾಷೆ ಯಾವುದೆಂದು ಆರಿಸುವವನು ಅಧಿಕಾರಿ. ಇಂಗ್ಲಿಷ್ ಬರುತ್ತದೋ? ಹಾಗಾದರೆ ಜರ್ಮನ್ ಬರಿ.

ಕೆನಡಾದ್ದು ಇವೆರಡಕ್ಕಿಂತ ನಾಜೂಕು, ನನ್ನ ಲೆಕ್ಕದಲ್ಲಿ ಹೆಚ್ಚು ಕ್ರೂರ. ಜನವರಿ 1908ರ ಆದೇಶದ ಪ್ರಕಾರ, ಹುಟ್ಟಿದ ಅಥವಾ ಪೌರತ್ವದ ದೇಶದಲ್ಲೇ ಪೂರ್ತಿ ಟಿಕೆಟ್ ಕೊಂಡು, ಎಲ್ಲೂ ಪಯಣ ಮುರಿಯದೆ ಬರಬೇಕು. ಭಾರತದ ಹೆಸರೇ ಇಲ್ಲ! ಆದರೆ ಕಲ್ಕತ್ತಾದಿಂದ ಅಂಥ ಟಿಕೆಟ್ ಕೊಡುತ್ತಿದ್ದ ಕೆನಡಿಯನ್ ಪೆಸಿಫಿಕ್ ಕಂಪನಿಗೆ 'ಮಾರಬೇಡಿ' ಎಂದು ಸರ್ಕಾರವೇ ಹೇಳಿತ್ತು. ಅದರ ಮೇಲೆ ಕೈಯಲ್ಲಿ 200 ಡಾಲರ್ ತೋರಿಸಬೇಕು. ಯುರೋಪಿನವರಿಗೆ 25 ಸಾಕು. ನಟಾಲಿನ ಪರೀಕ್ಷೆಗೆ ಓದಿಕೊಂಡಾದರೂ ಹೋಗಬಹುದು, ಮಾರದ ಟಿಕೆಟ್ಟನ್ನು ಕೊಳ್ಳುವುದು ಹೇಗೆ?

ನವೆಂಬರ್ 1913ರಲ್ಲಿ ಪನಾಮಾ ಮಾರು ಎಂಬ ಇನ್ನೊಂದು ಹಡಗಿನ ಭಾರತೀಯ ಪ್ರಯಾಣಿಕರ ಮೊಕದ್ದಮೆ ಕೋರ್ಟಿಗೆ ಬಂತು. ಆದೇಶದ ಮಾತುಗಳು ಮೂಲ ಕಾಯ್ದೆಗೆ ಹೊಂದುವುದಿಲ್ಲವೆಂದು ನ್ಯಾಯಾಧೀಶ ಹಂಟರ್ ಆ ಆದೇಶವನ್ನೇ ತಳ್ಳಿಹಾಕಿದರು. ಪ್ರಯಾಣಿಕರು ಚಾಪೆ ಕೆಳಗೆ ತೂರಿದರೆ ಸರ್ಕಾರ ರಂಗೋಲಿ ಕೆಳಗೆ ತೂರಿತು: ಜನವರಿ 1914ರೊಳಗೆ ಪದಗಳನ್ನು ತಿದ್ದಿ ಮತ್ತೆ ಹೊರಡಿಸಿತು, ಜೊತೆಗೆ ಬ್ರಿಟಿಷ್ ಕೊಲಂಬಿಯಾದ ಬಂದರುಗಳಲ್ಲಿ ಕೂಲಿಕಾರರಿಗೂ ನಿಷೇಧ.

ಗುರುದಿತ್ ಸಿಂಗ್ ಎಂಬ ವ್ಯಾಪಾರಿ ಬಾಡಿಗೆಗೆ ಹಿಡಿದ ಕೊಮಗಾಟ ಮಾರು ಅದೇ ವರ್ಷದ ಏಪ್ರಿಲ್‌ನಲ್ಲಿ ಹೊರಟದ್ದು ಹಾಂಕಾಂಗಿನಿಂದ, ಮೇ 23ಕ್ಕೆ ಇಲ್ಲಿಗೆ ತಲುಪಿದಾಗ ಅದರಲ್ಲಿದ್ದವರು 376 ಜನ. ನೇರ ಪಯಣದ ಷರತ್ತು ಹಾಂಕಾಂಗಿನಲ್ಲೇ ಮುರಿದಿತ್ತು. ಎಲ್ಲರ ಪರವಾಗಿ ಮುನ್ಷಿ ಸಿಂಗ್ ಒಬ್ಬರ ಕೇಸು ನಡೆದು, ಜುಲೈ 6ರಂದು ಮೇಲ್ಮನವಿ ನ್ಯಾಯಾಲಯ ಸರ್ವಾನುಮತದಿಂದ ಸರ್ಕಾರದ ಪರ ತೀರ್ಪು ಕೊಟ್ಟಿತು. ಹಿಂದೆಯೇ ಇಲ್ಲಿ ನೆಲೆಸಿದ್ದ ಬೆರಳೆಣಿಕೆಯ ಮಂದಿಯಷ್ಟೇ ಇಳಿದರು. ಉಳಿದವರ ಹಡಗನ್ನು ಜುಲೈ 23ರಂದು ಯುದ್ಧನೌಕೆ ರೇನ್‌ಬೋ ಕಾವಲಿನಲ್ಲಿ ಬಂದರಿನಿಂದಾಚೆ ಕಳಿಸಿದರು.