ನುಸಿಗೊಂದು ಕಾಲಮ್ಮು

ಧಾರವಾಡದ ನಮ್ಮ ಓಣಿಯಲ್ಲೊಂದು ಸಾವಯವ ಅಂಗಡಿ ಇದೆ. ಮೊನ್ನೆ ನವಣಕ್ಕಿ ತರಲು ಹೋದಾಗ ಎಂಬಿಎ ಓದುವ ಹುಡುಗನೊಬ್ಬ ನೋಟ್‌ಬುಕ್ ಹಿಡಿದು ನಿಂತಿದ್ದ.

"ಕಾಕಾ, ನಿಮ್ಮ ಅಂಗಡಿದು ಪೆಸ್ಟ್ ಅನಾಲಿಸಿಸ್ ಮಾಡಬೇಕಾಗೇದ."

ಕಾಕಾ ಹೌಹಾರಿದರು. "ಯಪ್ಪಾ, ನಮ್ಮಲ್ಲಿ ಎಣ್ಣಿ ಹೊಡಿಯೂದಿಲ್ಲೋ!"

(ನಮ್ಮ ಕಡೆ ಕೀಟನಾಶಕಕ್ಕೂ ಎಣ್ಣಿ ಎನ್ನುತ್ತಾರೆ. ಸಂಜೆ ಹೊಡೆಯುವ ಎಣ್ಣಿಯ ಸುದ್ದಿ ಬೇರೆ.)

ಪೆಸ್ಟ್ ಅಂದರೆ ಹುಳ ಅಲ್ಲ ಎಂದು ಹುಡುಗ ಬಿಡಿಸಿ ಹೇಳಿದ. ಇಂಗ್ಲಿಷಿನ ಪೊಲಿಟಿಕಲ್, ಎಕನಾಮಿಕ್, ಸೋಶಿಯಲ್, ಟೆಕ್ನಾಲಜಿಕಲ್‌ಗಳ ಮೊದಲ ಅಕ್ಷರ ಸೇರಿ ಪೆಸ್ಟ್. ಅಂದರೆ ಸರಕಾರ, ದುಡ್ಡು, ಸಮಾಜ, ತಂತ್ರಜ್ಞಾನ. ಅಂಗಡಿಯನ್ನು ಹೊರಗಿನಿಂದ ಕಾಡುವಂಥವು.

"ಹಂಗಾದ್ರ ಹುಳಾನ ಬಿಡು," ಎಂದರು ಕಾಕಾ.

ಮೊದಲು ಸರಕಾರ. 2017ರ ನಿಯಮ ಬಂದ ಮೇಲೆ ಸುಮ್ನೆ 'ಸಾವಯವ' ಎಂದು ಬರೆದು ಮಾರುವಂತಿಲ್ಲ. ಪ್ರಮಾಣಪತ್ರ ಬೇಕು, ಪಾಕೀಟಿನ ಮೇಲೆ ಸಾವಯವದ ಸರಕಾರಿ ಲೋಗೋ ಬೇಕು. ಸರಿ, ಮೋಸ ತಡೆಯಬೇಕು, ಅಲ್ವಾ? ಆದರೆ ಕುಂದಗೋಳದ ಕಡೆ ಮೆಣಸಿನಕಾಯಿ ಹೊಲಕ್ಕೆ ಹೋಗಿ ನೋಡಿ. ಎಣ್ಣಿ ಹೊಡೆಯುವವನು 'ಎಣ್ಣಿ ಹೊಡೆದ ಮೆಣಸಿನಕಾಯಿ' ಎಂದು ಚೀಟಿ ಹಚ್ಚಬೇಕಿಲ್ಲ. ಹೊಡೆಯದವನು ಮಾತ್ರ ಹೊಡೆದಿಲ್ಲವೆಂದು ದಾಖಲೆ ಇಡಬೇಕು. ಹೊಸದಾಗಿ ಬಿಟ್ಟವನಾದರೆ ಎರಡು ವರ್ಷ ಕಾಯಬೇಕು, ಮಾವಿನ ತೋಟವಾದರೆ ಮೂರು. ಬದುವಿನ ಆಚೆ ಹೊಡೆದದ್ದು ಗಾಳಿಗೆ ಈಚೆ ಬರುತ್ತದಲ್ಲ, ಅದಕ್ಕೆ ನಡುವೆ ಬಫರ್ ಪಟ್ಟಿ ಬಿಡಬೇಕು. ಯಾರು? ಹೊಡೆಯದವನೇ. ಅದೂ ತನ್ನ ಹೊಲದಲ್ಲಿ!

ದುಡ್ಡಿನದು ಇನ್ನೂ ಚೆಂದ. ಚೀಲದಿಂದ ತೆಗೆದು ತೂಗಿಕೊಟ್ಟ ಜೋಳಕ್ಕೆ ಜಿಎಸ್‌ಟಿ ಇಲ್ಲ. ಅದೇ ಜೋಳವನ್ನು ಕಿಲೋ ಪಾಕೀಟು ಮಾಡಿ ಚೀಟಿ ಹಚ್ಚಿದರೆ, 2022ರ ಜುಲೈ 18ರಿಂದ, ಶೇ. 5. ಚೀಟಿ ಹಚ್ಚು ಎನ್ನುವುದೂ ಸರಕಾರವೇ, ಹಚ್ಚಿದ್ದಕ್ಕೆ ರೊಕ್ಕ ಕೇಳುವುದೂ ಸರಕಾರವೇ. ನಮ್ಮಜ್ಜಿ ಇದನ್ನೇ 'ಜವಾರಿ ಜೋಳ' ಎಂದು ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ಪುಣ್ಯಾತಗಿತ್ತಿ, ಲೋಗೋ ಇಲ್ಲದೇ ತಿನ್ನಿಸಿದಳು.

ತಂತ್ರಜ್ಞಾನಕ್ಕೆ ಒಂದೇ ಸಾಲು: ಗಿರಾಕಿಗಳು ಇಲ್ಲಿ ರೇಟು ಕೇಳಿ, ಮೊಬೈಲಿನಲ್ಲಿ ಕೊಳ್ಳುತ್ತಾರೆ.

ಸಮಾಜ ತಾನಾಗಿಯೇ ಒಳಗೆ ಬಂತು, ಕೈಯಲ್ಲಿ ಜೋಳದ ಪಾಕೀಟು ಹಿಡಿದು.

"ಏನ್ರೀ ಇದು, ನುಸಿ ಹಿಡದೇತಿ!"

ಕಾಕಾ ಪಾಕೀಟು ಬಿಚ್ಚಿ ಮೊರಕ್ಕೆ ಸುರಿದರು. ಎಳ್ಳಿನಷ್ಟು ಸಣ್ಣ ಕರಿ ನುಸಿಯೊಂದು ಕಾಳಿನ ಮೇಲೇರಿ, ಇಳಿದು, ಮೊರದ ಅಂಚಿಗೆ ನಡೆಯಿತು.

"ಔಷಧ ಹಾಕಿದ್ರ ಇದು ಬದುಕ್ತಿತ್ತೇನ್ರೀ ಅಕ್ಕಾರ?"

"ಔಷಧ ಹಾಕಿದ್ದೂ ಬ್ಯಾಡ, ನುಸಿ ಹಿಡಿದಿದ್ದೂ ಬ್ಯಾಡ. ಬ್ಯಾರೆ ಪಾಕೀಟ ಕೊಡ್ರಿ."

ಹುಡುಗ ಪೆನ್ನಿನ ಟೊಪ್ಪಿಗೆ ತೆಗೆದ. "ಕಾಕಾ, ಈ ನುಸೀನ ಯಾವ ಕಾಲಮ್ಮಿನಾಗ ಬರೀಲಿ?"