ಕಾಮಿಡಿ ಥರ ಮಾಡ್ತೀರಾದ್ರೆ ಓಕೆ

ಹೋದ ವರ್ಷ ರಾಜ್ಯೋತ್ಸವಕ್ಕೆ ಎರಡು ತಿಂಗಳಿರುವಾಗ, ಇಲ್ಲಿ ಮೆಲ್ಬರ್ನ್‌ನ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಯಾರ್ಯಾರು ಏನೇನು ಪ್ರೋಗ್ರಾಂ ಕೊಡ್ತೀರಿ ಅಂತ ಕೇಳಿದರು. ಹದಿಮೂರು ವರ್ಷದಿಂದ ಕುರ್ಚಿ ಜೋಡಿಸಿ, ಬಿಸಿಬೇಳೆಬಾತ್ ಬಡಿಸಿ, ಕೊನೆಗೆ ಹಾಲ್ ಗುಡಿಸಿ ಬರುವ ಗಿರಾಕಿ ನಾನು. ಒಂದು ಸಲವಾದರೂ ಸ್ಟೇಜ್ ಹತ್ತೋಣ ಅನ್ನಿಸಿತು. ‘ನಂಜುಂಡಿ ಕಲ್ಯಾಣ’ದ ಗುಂಡಿನ ಹಾಡಿಗೆ ಡ್ಯಾನ್ಸ್, ಮಾಲಾಶ್ರೀ ನಾನೇ, ನಾಲ್ಕು ನಿಮಿಷ ಅಂತ ಬರೆದು ಕಳಿಸಿದೆ.

ಅರ್ಧ ಗಂಟೆಯಲ್ಲಿ ಪ್ರೋಗ್ರಾಂ ನೋಡಿಕೊಳ್ಳುವವರ ಫೋನ್ ಬಂತು. ‘ತಪ್ಪು ತಿಳ್ಕೋಬೇಡಿ ಸರ್, ಫ್ಯಾಮಿಲಿ ಆಡಿಯನ್ಸು. ಕಾಮಿಡಿ ಥರ ಮಾಡ್ತೀರಾದ್ರೆ ಓಕೆ. ಸೀರಿಯಸ್ಸಾಗಿ ಬೇಡ.’

ಆ ನವೆಂಬರಿನಲ್ಲಿ ಐದು ಜನ ಸಾಫ್ಟ್‌ವೇರ್ ಅಪ್ಪಂದಿರು ಹೆಂಡತಿಯರ ಸೀರೆ ಸುತ್ತಿಕೊಂಡು, ಎದೆಗೆ ಬಲೂನ್ ಕಟ್ಟಿಕೊಂಡು, ಮೀಸೆ ಹಾಗೇ ಬಿಟ್ಟುಕೊಂಡು ನಲ್ಲಿ ನೀರಿನ ಜಗಳ ಆಡಿದರು. ಒಬ್ಬರ ಬಲೂನ್ ಸ್ಟೇಜ್ ಮೇಲೇ ಒಡೆಯಿತು. ಹಾಲ್ ಬಿದ್ದು ಬಿದ್ದು ನಕ್ಕಿತು. ನಾನು ಹಿಂದೆ ನಿಂತು ಮೈಸೂರ್‌ಪಾಕ್ ಪೀಸ್ ಮಾಡುತ್ತಿದ್ದೆ, ನಾನೂ ನಕ್ಕೆ. ಆಮೇಲೆ ಕಾರಿನಲ್ಲಿ ಕೂತಾಗ ನಗು ಬರಲಿಲ್ಲ.

ನಾನು ಗೇ. ಗ್ರೂಪಿನಲ್ಲಿ ಮುಕ್ಕಾಲು ಪಾಲು ಜನಕ್ಕೆ ಗೊತ್ತು, ಯಾರೂ ಮಾತಾಡಲ್ಲ, ಅದೂ ಒಂಥರಾ ಮರ್ಯಾದೆ ಅಂತಲೇ ಇಟ್ಟುಕೊಂಡಿದ್ದೆ. ಬೇಡ ಅಂದಿದ್ದಕ್ಕೆ ನನಗೆ ಅಷ್ಟು ಬೇಜಾರಾಗಲಿಲ್ಲ. ಗಂಡಸು ಸೀರೆ ಉಟ್ಟುಕೊಳ್ಳಬಹುದು, ಸೊಂಟ ಕುಣಿಸಬಹುದು, ಬಲೂನೂ ಕಟ್ಟಿಕೊಳ್ಳಬಹುದು, ಆದರೆ ಅದು ಅವನಿಗೆ ಇಷ್ಟ ಅಂತ ಮಾತ್ರ ಗೊತ್ತಾಗಬಾರದು ಅಂದರಲ್ಲ, ಅದು ಚುಚ್ಚಿತು.

1989ರಲ್ಲಿ ನನಗೆ ಒಂಬತ್ತು ವರ್ಷ. ತಿಪಟೂರಿನಲ್ಲಿ ‘ನಂಜುಂಡಿ ಕಲ್ಯಾಣ’ವನ್ನು ಅಮ್ಮ, ದೊಡ್ಡಮ್ಮನ ಜೊತೆ ಮೂರು ಸಲ ನೋಡಿದೆ. ಗುಂಡು ಒಳಗೆ ಹೋದರೆ ಹುಡುಗಿ ಗಂಡಾಗುತ್ತಾಳೆ ಅನ್ನುವ ಆ ಹಾಡಿಗೆ ಟಾಕೀಸಿನಲ್ಲಿ ಬಿದ್ದ ಶಿಳ್ಳೆ ಇವತ್ತಿಗೂ ಕಿವಿಯಲ್ಲಿದೆ. ಮಂಜುಳಾ ಗುರುರಾಜ್ ಅವರ ದನಿ, ತೂರಾಡುತ್ತಾ ಎಲ್ಲರನ್ನೂ ಬೆದರಿಸುವ ಮಾಲಾಶ್ರೀ. ಉಳಿದ ಹುಡುಗರು ಅವಳನ್ನು ಮದುವೆಯಾಗಬೇಕು ಅಂತಿದ್ದರು. ನನಗೆ ಅವಳೇ ಆಗಬೇಕಿತ್ತು. ಮನೆಗೆ ಬಂದು ದೊಡ್ಡಮ್ಮನ ವೇಲು ಸೊಂಟಕ್ಕೆ ಬಿಗಿದು ನಡುಮನೆಯಲ್ಲಿ ಪೂರ್ತಿ ಹಾಡು ಕುಣಿಯುತ್ತಿದ್ದೆ. ಹನ್ನೊಂದು ವರ್ಷ ಆಗುವವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ದಿನ ಮಾವ ‘ಸಾಕು, ದೊಡ್ಡೋನಾದೆ’ ಅಂದರು. ಹುಡುಗಿ ಗಂಡಾದರೆ ಶಿಳ್ಳೆ ಬೀಳುತ್ತೆ. ಗಂಡು ಆ ಕಡೆ ಹೋದರೆ ಸಾಕು ಅಂತಾರೆ.

ನಮ್ಮಲ್ಲಿ ಗಂಡಸರು ಗಂಡಸರ ಮೇಲೆ ಇಟ್ಟುಕೊಂಡಿರುವ ಪ್ರೀತಿಯನ್ನು ಹೊರಗಿನವರು ನೋಡಿದರೆ ಏನಂದುಕೊಳ್ಳಬೇಕು ಹೇಳಿ. ನಮ್ಮ ಚಿಕ್ಕಪ್ಪನ ಮಗ ಎದೆಯ ಎಡಗಡೆ ಹೀರೋ ಹೆಸರು ಹಚ್ಚೆ ಹಾಕಿಸಿಕೊಂಡಿದ್ದಾನೆ, ಹೆಂಡತಿ ಹೆಸರು ಎಲ್ಲೂ ಇಲ್ಲ. ಕಟೌಟ್ ಹತ್ತಿ ಕೆನ್ನೆಗೆ ಮುತ್ತು ಕೊಡ್ತಾರೆ, ತಲೆ ಮೇಲೆ ಹಾಲು ಸುರೀತಾರೆ, ಫಸ್ಟ್ ಡೇ ಫಸ್ಟ್ ಶೋ ಎಂಟ್ರಿ ಸೀನಿಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳ್ತಾರೆ. ಅಪ್ಪು ಹೋದ ದಿನ ನಾನೂ ಇಲ್ಲಿ ಆಫೀಸಿನ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಇದಕ್ಕೆಲ್ಲ ಅಭಿಮಾನ ಅಂತ ಒಳ್ಳೆ ಹೆಸರಿದೆ. ಇದರಲ್ಲಿ ಯಾರಿಗೂ ಏನೂ ಕಾಣಿಸಲ್ಲ. ಮಾಲಾಶ್ರೀ ಫೋಟೋವನ್ನು ಜಾಮಿಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡ ಹುಡುಗನಲ್ಲಿ ಮಾತ್ರ ಎಲ್ಲರಿಗೂ ಎಲ್ಲಾ ಕಾಣಿಸುತ್ತೆ.

ಇನ್ನು ಈ ಊರಿನ ಕತೆ. ನನ್ನ ಆಫೀಸಿನಿಂದ ಹತ್ತು ನಿಮಿಷ ನಡೆದರೆ ಡಾಕ್‌ಲ್ಯಾಂಡ್ಸ್‌ನಲ್ಲಿ ನೀರಿನ ಪಕ್ಕ ಪಾಪ್ ಗಾಯಕಿ ಕೈಲಿ ಮಿನೋಗ್‌ಳ ಕಂಚಿನ ಪ್ರತಿಮೆ ಇದೆ. 2006ರಲ್ಲಿ ನಿಲ್ಲಿಸಿದ್ದು. ಗಂಭೀರವಾಗಿ ನಿಂತ ಪ್ರತಿಮೆ ಅಲ್ಲ ಅದು, ಕುಣೀತಾ ಇರೋದು. ಬೆಂಗಳೂರಿನಲ್ಲಿ ಅಣ್ಣಾವ್ರ ಪ್ರತಿಮೆ ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಕುಣಿಯುವ ನಾಯಕಿಯ ಪ್ರತಿಮೆ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಚಳಿಗಾಲದಲ್ಲಿ ಬಿಸಿಲು ಬಿದ್ದ ದಿನ ನಾನು ಡಬ್ಬಿ ತಗೊಂಡು ಹೋಗಿ ಕೈಲಿಯ ಕಾಲಬುಡದಲ್ಲಿ ಕೂತು ಚಿತ್ರಾನ್ನ ತಿಂತೀನಿ. ಸೀಗಲ್ ಹಕ್ಕಿಗಳು ಕಡಲೆಬೀಜಕ್ಕೆ ಕಾಯುತ್ತಿರುತ್ತವೆ.

ಕೈಲಿ ಈ ಊರಿನ ಹುಡುಗಿಯೇ, 1968ರಲ್ಲಿ ಹುಟ್ಟಿದ್ದು. ‘ನೇಬರ್ಸ್’ ಅನ್ನುವ ಸೀರಿಯಲ್‌ನಲ್ಲಿ ಗ್ಯಾರೇಜ್ ಮೆಕ್ಯಾನಿಕ್ ಹುಡುಗಿಯ ಪಾತ್ರ ಮಾಡಿ ಹೆಸರು ಮಾಡಿದಳು. 1987ರಲ್ಲಿ ಹಾಡಲು ಶುರು ಮಾಡಿದಾಗ ಪೇಪರಿನವರು ಹಾಡುವ ಗಿಣಿಮರಿ ಅಂತ ಆಡಿಕೊಂಡರು. ಆಗ ಕೈ ಹಿಡಿದವರು ಗೇ ಹುಡುಗರು. ಅವರೇ ತನ್ನನ್ನು ದತ್ತು ತಗೊಂಡರು ಅಂತ ಅವಳೇ ಹೇಳಿಕೊಂಡಿದ್ದಾಳೆ. 1994ರಲ್ಲಿ ಸಿಡ್ನಿಯ ಗೇ ಹಬ್ಬ ಮಾರ್ಡಿ ಗ್ರಾದ ಪಾರ್ಟಿಯಲ್ಲಿ ಹಾಡಿದಳು. ಆ ಮಾರ್ಡಿ ಗ್ರಾ 1978ರಲ್ಲಿ ಶುರುವಾದ ರಾತ್ರಿ ಪೊಲೀಸರು 53 ಜನರನ್ನು ಹಿಡಿದು ಒಳಗೆ ಹಾಕಿದ್ದರು. 2005ರಲ್ಲಿ ಕೈಲಿಗೆ ಸ್ತನ ಕ್ಯಾನ್ಸರ್ ಬಂತು, ಒಂದೂವರೆ ವರ್ಷದಲ್ಲಿ ಮತ್ತೆ ತಲೆಗೆ ಗರಿ ಸಿಕ್ಕಿಸಿಕೊಂಡು ಸ್ಟೇಜಿಗೆ ಬಂದಳು. ಆಡಿಕೊಂಡವರ ಮುಂದೆಯೇ ಮಿನುಗುತ್ತಾ ಎದ್ದು ನಿಲ್ಲುವವಳು ಅಂದರೆ ನಮ್ಮಂಥವರಿಗೆ ಯಾಕೆ ಅಷ್ಟು ಪ್ರಾಣ ಅಂತ ಬಿಡಿಸಿ ಹೇಳಬೇಕಾ? ಬೆಂಗಳೂರಿನಲ್ಲಿರುವ ನನ್ನ ಹಿರಿಯ ಗೆಳೆಯರೊಬ್ಬರಿಗೆ ಕಲ್ಪನಾ ಅಂದರೆ ಹೀಗೇ. ‘ಶರಪಂಜರ’ ಬಂದಿದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ಇವತ್ತಿಗೂ ಅವರು ಬಾಗಿಲು ಹಾಕಿಕೊಂಡೇ ಕಲ್ಪನಾ ಥರದ ದೊಡ್ಡ ಉಂಗುರ ಹಾಕಿ ನೋಡಿಕೊಳ್ಳುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ, ಬಾಗಿಲು ಇನ್ನೂ ತೆಗೆದಿಲ್ಲ.

ಎರಡು ವರ್ಷದ ಹಿಂದೆ ಬ್ರೋಕನ್ ಹಿಲ್‌ಗೆ ಹೋಗಿದ್ದೆ. ಇಲ್ಲಿಂದ 800 ಕಿಲೋಮೀಟರಿಗೂ ಜಾಸ್ತಿ, ಮಿಲ್ಡುರಾ ದಾಟಿದ ಮೇಲೆ ಬರೀ ಕೆಂಪು ಮಣ್ಣು, ಕುರುಚಲು ಗಿಡ. ನಮ್ಮ ಕೆಜಿಎಫ್ ಥರ ಗಣಿ ಊರು, ಆದರೆ ಚಿನ್ನದ್ದಲ್ಲ, ಬೆಳ್ಳಿ, ಸೀಸ, ಸತುವಿನದು. ಬೀದಿಗಳಿಗೂ ಆಕ್ಸೈಡ್, ಕ್ಲೋರೈಡ್, ಸಲ್ಫೈಡ್ ಅಂತ ಹೆಸರು. ಪಿಯುಸಿ ಕೆಮಿಸ್ಟ್ರಿ ನೆನಪಾಗಿ ಹೊಟ್ಟೆ ತೊಳೆಸಿತು. 1994ರಲ್ಲಿ ಬಂದ ‘ಪ್ರಿಸಿಲ್ಲಾ’ ಸಿನಿಮಾದ ಒಂದಷ್ಟು ಭಾಗ ಇಲ್ಲೇ ತೆಗೆದಿದ್ದು. ಹೆಣ್ಣುವೇಷ ಹಾಕಿ ಕುಣಿಯುವ ಮೂವರು ಸಿಡ್ನಿಯಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಒಂದು ಹಳೇ ಬಸ್ಸಿನಲ್ಲಿ ಹೊರಡುತ್ತಾರೆ, ಅಷ್ಟೇ ಕತೆ. ಬಸ್ಸಿನ ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ದೊಡ್ಡ ಹೈ ಹೀಲ್ ಚಪ್ಪಲಿ. ಅದರೊಳಗೆ ಕೂತವನು ಒಪೆರಾಗೆ ತುಟಿ ಆಡಿಸುತ್ತಾನೆ. ಮೈಲುದ್ದದ ಬೆಳ್ಳಿ ಬಟ್ಟೆ ಮರುಭೂಮಿಯ ಗಾಳಿಗೆ ಹಿಂದೆ ಹಾರುತ್ತಿರುತ್ತದೆ. ಅದರ ಬಟ್ಟೆಗಳಿಗೆ ಆಸ್ಕರ್ ಬಂತು. ಅದರಲ್ಲಿ ಹವಾಯಿ ಚಪ್ಪಲಿ ಪೋಣಿಸಿ ಮಾಡಿದ ಒಂದು ಫ್ರಾಕೂ ಇದೆ.

ಆ ಊರಿನವರು ಈಗ ಆ ಸಿನಿಮಾದ ಹೆಸರಿನಲ್ಲಿ ಪ್ರತಿ ಸೆಪ್ಟೆಂಬರ್ ಹಬ್ಬ ಮಾಡುತ್ತಾರೆ, 2015ರಿಂದ. ಊರಿನ ಹೆಸರನ್ನೇ ತಿರುಚಿ ಬ್ರೋಕನ್ ಹೀಲ್ ಅಂತ ಇಟ್ಟಿದ್ದಾರೆ. ಆರ್ಜೆಂಟ್ ಸ್ಟ್ರೀಟ್‌ನಲ್ಲಿ ಮೆರವಣಿಗೆ ಬರುವಾಗ ನನ್ನ ಪಕ್ಕ ಒಬ್ಬ ನಿಂತಿದ್ದ. ಗಣಿಯಲ್ಲೇ ದುಡಿದು ರಿಟೈರ್ ಆದವನು, ಕೈ ನೋಡಿದರೆ ಇಟ್ಟಿಗೆ ಥರ. ತಲೆಗೆ ಗುಲಾಬಿ ವಿಗ್, ಕಾಲಿಗೆ ಗಣಿಯ ಬೂಟೇ. ‘ಹೆಂಡತಿ ಹಾಕಿದ್ದಾ?’ ಅಂತ ತಮಾಷೆಗೆ ಕೇಳಿದೆ. ‘ಇಲ್ಲ, ನಾನೇ ಆರಿಸಿದ್ದು, ಈ ಬಣ್ಣ ನನಗೆ ಒಪ್ಪುತ್ತೆ’ ಅಂದ. ನಗಲಿಲ್ಲ. ನಾನು ಸುಮ್ಮನಾದೆ. ‘ಸೀರಿಯಸ್ಸಾಗಿ ಬೇಡ’ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಲ್ವಾ?

ಈ ಕತೆಯನ್ನು ನಾನು ಬೇಜಾನ್ ಜನರ ಹತ್ತಿರ ಹೇಳಿಕೊಂಡಿದ್ದೇನೆ. ಹೇಳುವಾಗೆಲ್ಲ ಒಂದು ವಿಷಯ ಬಿಟ್ಟುಬಿಡುತ್ತಿದ್ದೆ. ಆ ಸಿನಿಮಾದಲ್ಲಿ ಒಬ್ಬ ಫಿಲಿಪ್ಪೀನ್ಸ್ ಹೆಂಗಸು ಬರುತ್ತಾಳೆ, ಅಲ್ಲಿನ ಒಬ್ಬನ ಹೆಂಡತಿ. ಅವಳ ಇಂಗ್ಲಿಷು, ಅವಳ ಕೂಗಾಟ, ಬಾರಿನಲ್ಲಿ ಅವಳು ಮಾಡುವ ಅಸಹ್ಯದ ಆಟ, ಎಲ್ಲಾ ನಗಿಸೋಕೆ ಇಟ್ಟಿದ್ದು. ಮೂವರಿಗೂ ಕಣ್ಣೀರಿನ ಸೀನು ಇದೆ. ಅವಳಿಗೆ ಒಂದೂ ಇಲ್ಲ. ಮೆಲ್ಬರ್ನ್‌ನ ಥಿಯೇಟರಿನಲ್ಲಿ ಅದನ್ನು ದೊಡ್ಡ ಪರದೆಯಲ್ಲಿ ನೋಡಿದಾಗ ಸುತ್ತ ಗರಿ, ಮಿಂಚು ಹಾಕಿಕೊಂಡು ಕೂತಿದ್ದವರೆಲ್ಲ ಆ ಸೀನಿಗೆ ಹೋ ಅಂದರು. ಆ ಸಾಲಿನಲ್ಲಿ ಕಂದು ಬಣ್ಣದವನು ನಾನೊಬ್ಬನೇ ಇದ್ದೆ. ಬಲೂನ್ ಕಟ್ಟಿಕೊಂಡ ಅಪ್ಪಂದಿರನ್ನು ಬೈಯುವ ಮೊದಲು ನಾನು ಇದನ್ನೂ ಹೇಳಬೇಕಿತ್ತು.

ಇನ್ನೊಂದು ರಗಳೆಯೂ ಇದೆ. ಇಲ್ಲಿ ಗೇ ಅಂದ ಕೂಡಲೇ ಕೈಲಿ ಕೈಗೆ ಬಂದುಬಿಡುತ್ತಾಳೆ. ಆಫೀಸಿನಲ್ಲಿ ನಾನು ಹೇಳಿಕೊಂಡ ವರ್ಷ ಹುಟ್ಟುಹಬ್ಬಕ್ಕೆ ಮೂರು ಜನ ಮೂರು ಬಾಟಲಿ ಕೊಟ್ಟರು, ಮೂರೂ ಕೈಲಿ ಹೆಸರಿನ ಗುಲಾಬಿ ವೈನೇ. ನಾನು ವೈನ್ ಕುಡಿಯಲ್ಲ. ಯಾರ ಹಾಡು ಇಷ್ಟ ಅಂತ ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಮಾಲಾಶ್ರೀ ಹೆಸರು ಹೇಳುತ್ತಿದ್ದೆ, ಅವರಿಗೆ ಅರ್ಥ ಆಗುತ್ತಿರಲಿಲ್ಲ. ತಿಪಟೂರಿನಲ್ಲಿ ಮಾಲಾಶ್ರೀ ಹೆಸರಿಗೇ ಸಿನಿಮಾ ಓಡುತ್ತಿದ್ದ ಕಾಲದಲ್ಲಿ ಆಟೋದವರು, ಕೊಬ್ಬರಿ ಮಂಡಿಯ ಹಮಾಲರು, ನಮ್ಮಮ್ಮ, ನಾನು, ಎಲ್ಲಾ ಒಂದೇ ಟಾಕೀಸಿನಲ್ಲಿ ಕೂತು ಒಂದೇ ಸೀನಿಗೆ ಕೂಗುತ್ತಿದ್ದೆವು. ನಮ್ಮ ಬೀದಿಯ ಕ್ಯಾಸೆಟ್ ಅಂಗಡಿಯವರು ಹೊಸ ಪೋಸ್ಟರ್ ಬಂದರೆ ‘ತಗೋ, ನಿಮ್ಮಕ್ಕಂದು ಬಂತು’ ಅಂತ ಎತ್ತಿಟ್ಟು ಕೊಡುತ್ತಿದ್ದರು. ಯಾಕೆ ಏನು ಅಂತ ಕೇಳಿದವರಲ್ಲ.

ಫೋನ್ ಮಾಡಿದವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಕೋವಿಡ್ ಕಾಲದಲ್ಲಿ ಈ ಊರು ಒಟ್ಟು 262 ದಿನ ಬಂದ್ ಇತ್ತು. ನನಗೆ ಜ್ವರ ಬಂದು ಒಬ್ಬನೇ ಬಿದ್ದಿದ್ದಾಗ ಎಂಟು ದಿನ ಬಾಗಿಲ ಮುಂದೆ ಸಾರು, ಅನ್ನ, ಒಂದು ದಿನ ಹೀರೇಕಾಯಿ ಬಜ್ಜಿ ಕೂಡ ಇಟ್ಟು ಹೋದವರು ಅವರೇ.

ಹೋದ ತಿಂಗಳು ಊರಿಗೆ ಹೋಗಿದ್ದೆ. ತಾತನ ಮನೆ ಬೀಳಿಸಿ ಹೊಸದು ಕಟ್ಟಿಸುತ್ತಿದ್ದಾರೆ. ಅಟ್ಟದ ಸಾಮಾನು ಇಳಿಸುವಾಗ ಕಟ್ಟು ಹಾಕಿದ ಒಂದು ಫೋಟೋ ಸಿಕ್ಕಿತು. ತಾತ, ದ್ರೌಪದಿ ವೇಷದಲ್ಲಿ. ಊರಹಬ್ಬದ ಕುರುಕ್ಷೇತ್ರ ನಾಟಕ. ಇಪ್ಪತ್ತು ವರ್ಷ ಅವರೇ ದ್ರೌಪದಿಯಂತೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಾಲೀಮು ಶುರು ಮಾಡಿದ ದಿನವೇ ಮೀಸೆ ಬೋಳಿಸಿಬಿಡುತ್ತಿದ್ದರಂತೆ, ಅದಕ್ಕೆ ಅಜ್ಜಿ ಮಾತು ಬಿಡುತ್ತಿದ್ದರಂತೆ. ಸೀರೆ ಎಳೆಯುವ ಸೀನಿಗೆ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು ಅಂತ ಅಮ್ಮ ಹೇಳಿದಳು. ಯಾರೂ ನಗುತ್ತಿರಲಿಲ್ಲವಾ ಅಂದೆ. ‘ನಗೋದಾ? ನಕ್ಕಿದ್ರೆ ಗೌಡ್ರು ಗದ್ದೆಗೆ ಅಟ್ಟಿಸ್ಕೊಂಡು ಹೋಗಿ ಹೊಡೀತಿದ್ರು’ ಅಂದಳು. ಈಗ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ, ಒಳ್ಳೆಯದೇ, ಅವರಿಗೂ ಕೆಲಸ. ಆದರೆ ನಮ್ಮ ಮನೆಗೆ ಊರಿನಲ್ಲಿ ಇವತ್ತಿಗೂ ದ್ರೌಪದಿ ಮನೆ ಅಂತಲೇ ಹೆಸರು. ನಲವತ್ತೈದು ವರ್ಷ ಆ ಹೆಸರು ಕೇಳಿಕೊಂಡು ಬಂದಿದ್ದೇನೆ, ಪೂಜೆಗೀಜೆಗೆ ಇಟ್ಟ ಹೆಸರು ಅಂದುಕೊಂಡಿದ್ದೆ.

ಫೋಟೋದಲ್ಲಿ ತಾತನ ಸೆರಗು ನೆಟ್ಟಗೆ ಪಿನ್ ಮಾಡಿದೆ, ಮೂಗುಬಟ್ಟು ಇದೆ, ಕೈಯಲ್ಲಿ ಹತ್ತಿಪ್ಪತ್ತು ಬಳೆ. ಗಲ್ಲ ಸ್ವಲ್ಪ ಮೇಲೆತ್ತಿ ಕ್ಯಾಮೆರಾ ಕಡೆ ನೋಡುತ್ತಿದ್ದಾರೆ.

ಈ ವರ್ಷದ ರಾಜ್ಯೋತ್ಸವಕ್ಕೆ ಮತ್ತೆ ಹೆಸರು ಕೇಳಿದ್ದಾರೆ. ಅದೇ ಹಾಡು, ಅದೇ ನಾಲ್ಕು ನಿಮಿಷ ಅಂತ ಬರೆದು, ಕೆಳಗೆ ಆ ಫೋಟೋ ಹಾಕಿದ್ದೇನೆ. ನೀಲಿ ಟಿಕ್ ಎರಡೂ ಬಿದ್ದಿವೆ. ‘ಟೈಪಿಂಗ್’ ಅಂತ ಬಂತು, ನಿಂತಿತು, ಮತ್ತೆ ಬಂತು.